ಸಾವಿರ ಗೇಟಿನ ಚಿಪ್ಪೂ ತಿಮ್ಮಮ್ಮನವರ ಬ್ಯಾರನ್ನೂ

ಹುಣಸೂರು,
ದಸರಾ ರಜೆ ಮುಗಿದ ವಾರ, ೧೯೭೮

ತ್ರಿಲೋಕ ಲಾಜಿಕ್ ಕಂಪನಿಯ ಬೆಂಗಳೂರು ಕಚೇರಿಯಲ್ಲಿ ಗುಣವಿವರ ಪತ್ರಿಕೆಗಳನ್ನು ರಚಿಸುವ, ಹೆಸರು ತಿಳಿಯದ ಮಹನೀಯರಿಗೆ,

ಮಾನ್ಯರೇ,

ಸಾವಿರ ಗೇಟುಗಳ ಒಡೆಯರಾದ ತಮಗೆ, ಗೇಟೇ ಇಲ್ಲದ ಬಾಡಿಗೆ ಮನೆಯೊಂದರ ಜಗಲಿಯಿಂದ ಸಾವಿರದ ಒಂದು ನಮಸ್ಕಾರಗಳು. ಅವುಗಳಲ್ಲಿ ಎಷ್ಟು ಬಳಕೆಗೆ ಬರುತ್ತವೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ತಮ್ಮ ಕಂಪನಿಯೊಡನೆ ಪತ್ರವ್ಯವಹಾರ ಶುರುವಾದಾಗಿನಿಂದ ನನಗೂ ಆ ಅಭ್ಯಾಸ ಹತ್ತಿಕೊಂಡಿದೆ.

ಕುಶಲ ಪ್ರಶ್ನೆಗೆ ಮೊದಲು ಒಂದು ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ಹುಣಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅಧ್ಯಾಪಕನಾದ ನಾನು, ಅದೇ ಕಾಲೇಜಿನ ಪ್ರಿನ್ಸಿಪಾಲರ ಕೊಠಡಿಯ ಹೊರಗೆ ನೇತಾಡುತ್ತಿದ್ದ ವಿದ್ಯುತ್ ಗಂಟೆಯನ್ನು ಹಾಡಹಗಲೇ ಬಿಚ್ಚಿ, ಊಟದ ಕ್ಯಾರಿಯರಿನಲ್ಲಿಟ್ಟುಕೊಂಡು ಹೊರನಡೆದೆ. ಜವಾನ ಕ್ಯಾರಿಯರು ಹಿಡಿದು ಗೇಟಿನವರೆಗೆ ಬಂದು, ‘ಇವತ್ತು ಊಟ ಭಾರಿ ಕಣ್ಸಾರ್’ ಎಂದು ಬೀಳ್ಕೊಟ್ಟ. ಆ ಮಧ್ಯಾಹ್ನ ಗಂಟೆ ಬಾರಿಸದೆ ಹೋದದ್ದರಿಂದ ಚರಿತ್ರೆಯ ಅಧ್ಯಾಪಕರು ಪಾಠ ನಿಲ್ಲಿಸಲಿಲ್ಲ; ಪೀರಿಯಡ್ಡಿನ ಕೊನೆಗೆ ಪತನವಾಗಬೇಕಿದ್ದ ಸಾಮ್ರಾಜ್ಯವೊಂದು ಇಳಿಹೊತ್ತಿನವರೆಗೆ ಬಾಳಿತು, ಅದರ ಪ್ರಜೆಗಳು ಮಾತ್ರ ಬೆಂಚಿನ ಮೇಲೆ ಹಸಿವಿನಿಂದ ಒರಗಿದರು. ಈ ಪಾಪದಲ್ಲಿ ತಮಗೂ ಪಾಲಿದೆ. ಏಕೆಂದರೆ ಆ ಗಂಟೆಯನ್ನು ನಾನು ಕದ್ದದ್ದು ತಮ್ಮ ಚಿಪ್ಪಿಗೆ ಕಟ್ಟಲು.

ಇದು ಬಹಿರಂಗ ಪತ್ರವಾದ್ದರಿಂದ, ಕದ್ದು ಓದುವ ಇತರ ಮಹಾಶಯರಿಗೂ ನಾಲ್ಕು ಮಾತು ವಿವರಿಸಬೇಕು. ಗೇಟು ಎಂದರೆ ಇಲ್ಲಿ ಆಕಳನ್ನು ತಡೆಯುವ ಬಾಗಿಲಲ್ಲ. ಎರಡು ತಂತಿ ಒಳಕ್ಕೆ, ಒಂದು ತಂತಿ ಹೊರಕ್ಕೆ ಇರುವ ಅತಿ ಚಿಕ್ಕ ತೀರ್ಮಾನ. ಅತ್ತೆಯೂ ಸೊಸೆಯೂ ಇಬ್ಬರೂ ಒಪ್ಪಿದರೆ ಮಾತ್ರ ‘ಹೌದು’ ಎನ್ನುವುದು ಒಂದು ಜಾತಿಯ ಗೇಟು. ಇಬ್ಬರಲ್ಲಿ ಯಾರೊಬ್ಬರು ಒಪ್ಪಿದರೂ ‘ಹೌದು’ ಎನ್ನುವುದು ಇನ್ನೊಂದು ಜಾತಿ. ಮೊದಲನೆಯದರಿಂದ ಸಂಸಾರಗಳು ನಿಲ್ಲುತ್ತವೆ, ಎರಡನೆಯದರಿಂದ ಸಿನಿಮಾ ಟಾಕೀಸುಗಳು ನಡೆಯುತ್ತವೆ. ಇಂಥ ಗೇಟುಗಳನ್ನು ಒಂದಕ್ಕೊಂದು ಹೆಣೆದರೆ, ‘ಶಾಖ ಇಷ್ಟಿದ್ದು, ಕಿಂಡಿ ಮುಚ್ಚಿದ್ದರೆ, ಗಂಟೆ ಬಾರಿಸು’ ಎಂಬಂಥ ದೊಡ್ಡ ತೀರ್ಮಾನಗಳನ್ನು ಮನುಷ್ಯನ ನೆರವಿಲ್ಲದೆ ಮಾಡಬಹುದು. ಗೇಟುಗಳನ್ನು ಒಳಗೆ ಅಡಗಿಸಿಟ್ಟುಕೊಂಡ, ಲೋಹದ ಕಾಲುಗಳ ಕಪ್ಪು ಬಿಲ್ಲೆಯೇ ಚಿಪ್ಪು; ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿರುವ ಚಿಪ್ಪುಗಳಲ್ಲಿ ತಲಾ ನಾಲ್ಕು ಗೇಟುಗಳಿವೆ. ಅವು ನಾಲ್ಕೆಂದರೆ ನಾಲ್ಕು. ಬಡವರ ಮಕ್ಕಳಂತೆ ಹೇಳಿದ್ದನ್ನು ಮಾಡಿಕೊಂಡು ಬಿದ್ದಿರುತ್ತವೆ.

ಹೀಗಿರುವಾಗ ತಮ್ಮ ಗುಣವಿವರ ಪತ್ರಿಕೆ ನನ್ನ ಕೈಸೇರಿತು. ನುಣುಪು ಕಾಗದದ ಮೇಲೆ, ಇಪ್ಪತ್ತೆಂಟು ಕಾಲಿನ ಕಪ್ಪು ಜಿರಳೆಯೊಂದರ ಚಿತ್ರ, ಅದರ ಕೆಳಗೆ, ಮದುವೆಯ ಆಮಂತ್ರಣದಲ್ಲಿ ವರನ ಹೆಸರಿಗೆ ಬಳಸುವಂಥ ಅಕ್ಷರಗಳಲ್ಲಿ, ‘ಸಾವಿರ ಗೇಟುಗಳಿಗೆ ಸಮಾನ, ಗ್ರಾಹಕರು ತಮಗೆ ಬೇಕಾದ ತರ್ಕವನ್ನು ಬರೆಸಿಕೊಳ್ಳಬಹುದು.’ ಸಮಾನ ಎಂಬ ಪದವನ್ನು ಕಂಡು ನಾನು ಸನ್ಮಾನ ಮಾಡಲು ಹೊರಟೆ, ಮಾನ್ಯರೇ. ಮಾನ ಹೋಗುವುದು ಆಮೇಲೆಂದು ಗೊತ್ತಿರಲಿಲ್ಲ. ನಮ್ಮ ಇನ್ನೂರೈವತ್ತು ಬಡ ಚಿಪ್ಪುಗಳು ಒಂದು ಬಾಗಿಲ ಹಲಗೆಯಷ್ಟು ಜಾಗದಲ್ಲಿ ಮಾಡಬೇಕಾದ ಕೆಲಸವನ್ನು ಒಂದು ಜಿರಳೆ ಮಾಡುವುದಾದರೆ, ಜಿರಳೆಗೆ ಕೈಮುಗಿಯದಿರಲು ನಾನೇನು ಅಷ್ಟು ಅವಿದ್ಯಾವಂತನೇ?

ಈಗ ತಿಮ್ಮಮ್ಮನವರ ವಿಷಯ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಹತ್ತಿರ, ನನ್ನ ಹೆಂಡತಿಯ ತವರಿನ ಪಕ್ಕದ ಮನೆ ಅವರದು. ಆ ಸೀಮೆಯ ಅರ್ಧ ಹೊಲ ಹೊಗೆಸೊಪ್ಪು. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಮಣ್ಣಿನ ಮನೆಯೊಳಗೆ ಅಟ್ಟದ ಮೇಲೆ ಅಟ್ಟ ನೇತುಹಾಕಿ, ಕೆಳಗಿನ ಒಲೆಯ ಶಾಖದಲ್ಲಿ ದಿನಗಟ್ಟಲೆ ಹದ ಮಾಡುತ್ತಾರೆ. ಮೊದಲು ಕಿಂಡಿ ಮುಚ್ಚಿ, ಸಣ್ಣ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಕಿಂಡಿ ತೆರೆದು, ಶಾಖ ಏರಿಸಿ, ನೀರು ಹೊರಗೆ ಹೋಗಿ ಎಲೆ ಒಣಗಬೇಕು. ಕೊನೆಗೆ ದಂಟು ಒಣಗಬೇಕು. ಎಲ್ಲಿ ತಪ್ಪಿದರೂ ಬಂಗಾರದ ಬಣ್ಣ ಬರಬೇಕಾದ್ದು ಬೆಂಕಿಗೆ ಬಿದ್ದ ಚಪ್ಪಲಿಯ ಬಣ್ಣಕ್ಕೆ ಬರುತ್ತದೆ. ಆದ್ದರಿಂದ ಅಲ್ಲೊಂದು ಕಟ್ಟಳೆ: ಒಲೆ ಹಚ್ಚಿದ ಕೈಯೇ ಸೊಪ್ಪು ಇಳಿಸಬೇಕು. ಹಚ್ಚಿದವರು ಇಳಿಸುವತನಕ ಹಟ್ಟಿ ದಾಟಬಾರದು, ಮದುವೆಯಿರಲಿ, ಸಾವಿರಲಿ. ದಾಟಿದರೆ ಸೊಪ್ಪು ಕಪ್ಪಾಗುತ್ತದೆ, ಆ ವರ್ಷ ಆ ಬ್ಯಾರನ್ನಿಗೆ ಬೆಂಕಿ ಕೊಡಲು ಊರಲ್ಲಿ ಯಾರೂ ಬರುವುದಿಲ್ಲ.

ತಿಮ್ಮಮ್ಮನವರ ಗಂಡ ಸಣ್ಣಯ್ಯನವರು ಹಿಂದಿನ ತಿಂಗಳು ಬ್ಯಾರನ್ನಿನ ಮೇಲಟ್ಟದಿಂದ ಜಾರಿ ಬಿದ್ದು, ತೊಡೆಗೆ ನಾಟಿ ಕಟ್ಟು ಹಾಕಿಸಿಕೊಂಡು, ಜಗಲಿಯ ಮಂಚದ ಮೇಲೆ ಮಲಗಿ ಹೋಗಿಬರುವವರಿಗೆಲ್ಲ ಸಲಹೆ ಕೊಡುತ್ತಿದ್ದರು. ಹಾಗಾಗಿ ಒಲೆ ಹಚ್ಚುವ ಕೈ ಈ ವರ್ಷವೂ ತಿಮ್ಮಮ್ಮನವರದೇ. ಅವರ ಒಬ್ಬಳೇ ಮಗಳು ಭಾಗ್ಯಮ್ಮನನ್ನು ಕೆ.ಆರ್. ನಗರದ ಆಚೆ ಮಿರ್ಲೆಗೆ ಕೊಟ್ಟಿದೆ. ಆ ಮನೆಯಲ್ಲಿ ಅತ್ತೆಯಿಲ್ಲ. ಮೊದಲ ಹೆರಿಗೆ ಬ್ಯಾರನ್ ಕಾಲದಲ್ಲೇ ಆಗಿ, ತಾಯಿಗೆ ಹಟ್ಟಿ ದಾಟಲಾಗದೆ, ಒಂದರ ಮೇಲೊಂದು ಸೊಪ್ಪಿನ ಸರದಿ ಮುಗಿಸಿ ಹೋಗುವಷ್ಟರಲ್ಲಿ ಮೊಮ್ಮಗನಿಗೆ ಹೆಸರಿಟ್ಟಾಗಿತ್ತು, ಹಲ್ಲೂ ಬಂದಿತ್ತು. ಅವನು ಅಜ್ಜಿಯನ್ನು ಗುರುತಿಸದೆ ಮೊದಲ ಭೇಟಿಯಲ್ಲೇ ಕಚ್ಚಿದ. ಈ ಸಲ ಎರಡನೆಯ ಹೆರಿಗೆ, ಅದೂ ದಸರಾ ಸುಮಾರಿಗೆ, ಸೊಪ್ಪು ಭರ್ತಿ ಬಲಿತಿರುವ ಹೊತ್ತಿಗೆ. ‘ಈ ಸಲನೂ ಓಗ್ನಿಲ್ಲ ಅಂದ್ರೆ ಆ ಮಗಳು ನನ್ನ ಅವ್ವ ಅನ್ನಾಕಿಲ್ಲ ಕಣ್ ಮೇಷ್ಟ್ರೇ, ಪಕ್ಕದ್ ತಾಲ್ಲೂಕ್ನೋಳು ಅಂತಾಳೆ’ ಎಂದು ಅವರು ಕಣ್ಣೊರೆಸಿಕೊಂಡಾಗ, ತಮ್ಮ ಪತ್ರಿಕೆ ನನ್ನ ಜೇಬಿನಲ್ಲಿ ಸರಿದಾಡಿತು.

ನಾನು ಎದ್ದು ನಿಂತು ಭಾಷಣ ಮಾಡಿದೆ. ಒಂದು ಬ್ಯಾರನ್ನಿನ ಶಾಖ, ತೇವ, ಕಿಂಡಿ, ಗಂಟೆ, ಯಾವ ಹಂತದಲ್ಲಿದ್ದೇವೆಂಬ ನೆನಪು, ಎಲ್ಲ ಸೇರಿ ಮುನ್ನೂರು ಗೇಟು ಸಾಕೆಂದು ಕಾಗದದ ಮೇಲೆ ಹಾಕಿ ನೋಡಿದ್ದೆ. ಸಾವಿರಕ್ಕೆ ಮೂರು ಬ್ಯಾರನ್. ಉಳಿದ ನೂರರಲ್ಲಿ ಊರ ದೇವರ ಗುಡಿಗೆ ದೀಪದ ಅಲಂಕಾರ. ಪಕ್ಕದ ಇನ್ನೆರಡು ಬ್ಯಾರನ್ನಿನವರಿಗೂ ಅಲ್ಲಿಯೇ ಮಾತು ಕೊಟ್ಟೆ. ತಿಮ್ಮಮ್ಮನವರು ಜಿರಳೆಯ ಚಿತ್ರವನ್ನು ಬಹಳ ಹೊತ್ತು ನೋಡಿ, ‘ಇದು ನನ್ನ ಸೊಪ್ಪು ಕಾಯ್ತದಾ?’ ಎಂದರು. ಮಂಚದ ಮೇಲಿಂದ ಸಣ್ಣಯ್ಯನವರು, ‘ಕಾಯ್ಲಿ ಬುಡು ಕಣಮ್ಮಿ, ನಿಮ್ಮಣ್ಣನಂಗೆ ಗಳಿಗ್ಗೊಂದು ಬೀಡಿ ಕೇಳಾಕಿಲ್ವಲ್ಲ’ ಎಂದರು.

ತರ್ಕವನ್ನು ಬರೆದು ಕಳಿಸಿದರೆ ತಾವು ಅದನ್ನು ಚಿಪ್ಪಿನೊಳಗೆ ಬರೆಯುತ್ತೀರೆಂದೂ, ಬರೆಯುವುದೆಂದರೆ ಒಳಗಿನ ಸೂಕ್ಷ್ಮ ತಂತಿಗಳನ್ನು ಬೇಕಾದಲ್ಲಿ ಸುಡುವುದೆಂದೂ, ಒಮ್ಮೆ ಸುಟ್ಟದ್ದನ್ನು ತಿದ್ದಲಾಗದೆಂದೂ ತಮ್ಮ ಕಚೇರಿ ತಿಳಿಸಿತು. ಬರೆಯುವುದನ್ನೂ ಬರೆ ಹಾಕುವುದನ್ನೂ ಒಂದೇ ಕ್ರಿಯೆಯಾಗಿ ಮಾಡಿಟ್ಟಿರುವ ತಮ್ಮ ಕಂಪನಿಯ ಕನ್ನಡ ಜ್ಞಾನಕ್ಕೆ ನಾನು ಬೆರಗಾದೆ. ಜೊತೆಗೆ ತುಂಬಿ ಕಳಿಸಬೇಕಾದ ನಕ್ಷೆಯೊಂದು ಬಂತು. ಅದರಲ್ಲಿ ನಲವತ್ತೆಂಟು ಸಾಲುಗಳಿದ್ದವು. ಸಾವಿರ ಗೇಟಿಗೆ ನಲವತ್ತೆಂಟೇ ಸಾಲು ಬಂದಿರುವುದರಿಂದ ಉಳಿದ ಹಾಳೆಗಳು ಅಂಚೆಯಲ್ಲಿ ತಪ್ಪಿರಬಹುದೆಂದು ಎಣಿಸಿ ನಾನು ಹುಣಸೂರಿನ ಅಂಚೆ ಮಾಸ್ತರರೊಡನೆ ಜಗಳವಾಡಿದೆ. ಆ ನಿರಪರಾಧಿ ಇಂದಿಗೂ ನನಗೆ ಬರುವ ಪತ್ರಗಳನ್ನು ಎರಡು ದಿನ ಬಿಸಿಲಿಗೆ ಒಣಗಿಸಿಯೇ ಕೊಡುತ್ತಾರೆ. ಆಮೇಲೆ ತಮಗೆ ಬರೆದು ಕೇಳಿದೆ. ತಾವು ಉತ್ತರಿಸಿದಿರಿ. ಆ ಉತ್ತರವನ್ನು ನಾನು ಮೂರು ಸಲ ಓದಿದೆ: ಮೊದಲನೆಯ ಸಲ ವಿದ್ಯಾರ್ಥಿಯಾಗಿ, ಎರಡನೆಯ ಸಲ ಅಧ್ಯಾಪಕನಾಗಿ, ಮೂರನೆಯ ಸಲ ಅಳಿಯನಾಗಿ, ಏಕೆಂದರೆ ಅಷ್ಟರಲ್ಲಿ ಹೆಂಡತಿಯ ತವರಿನಲ್ಲೆಲ್ಲ ನನ್ನ ಮಾತು ಹಬ್ಬಿತ್ತು.

ತಮ್ಮ ಎಣಿಕೆಯ ವಿಧಾನವನ್ನು ಸಾರ್ವಜನಿಕರ ಜ್ಞಾನಾಭಿವೃದ್ಧಿಗಾಗಿ ಇಲ್ಲಿ ಸಂಗ್ರಹಿಸುತ್ತೇನೆ. ಚಿಪ್ಪಿನೊಳಗೆ ನಲವತ್ತೆಂಟು ಸಾಲು. ಪ್ರತಿ ಸಾಲೂ ಹದಿನಾರು ತಂತಿಗಳನ್ನು ಒಟ್ಟಿಗೆ ನೋಡಿ ಒಂದು ತೀರ್ಮಾನ ಕೊಡಬಲ್ಲದು. ಹದಿನಾರು ತಂತಿಯ ಒಂದು ತೀರ್ಮಾನವನ್ನು ಎರಡು ತಂತಿಯ ಬಡ ಗೇಟುಗಳಿಂದ ಕಟ್ಟಲು ಹದಿನೈದು ಬೇಕು. ಆದ್ದರಿಂದ ಸಾಲಿಗೆ ಹದಿನೈದರಂತೆ ಏಳುನೂರ ಇಪ್ಪತ್ತು. ಹೊರಗೆ ಹೋಗುವ ಬಾಯಿಗಳು ಎಂಟು. ಪ್ರತಿ ಬಾಯಿಯೂ ನಲವತ್ತೆಂಟು ಸಾಲುಗಳ ಮಾತನ್ನು ಕೇಳಬಲ್ಲದಾದ್ದರಿಂದ ಬಾಯಿಗೆ ನಲವತ್ತೇಳರಂತೆ ಮುನ್ನೂರ ಎಪ್ಪತ್ತಾರು. ಒಟ್ಟು ಸಾವಿರದ ತೊಂಬತ್ತಾರು. ‘ವಿನಯಪೂರ್ವಕವಾಗಿ ಸಾವಿರವೆಂದೇ ಮುದ್ರಿಸಿದ್ದೇವೆ’ ಎಂದು ತಾವು ಸೇರಿಸಿದ ವಾಕ್ಯವನ್ನು ನಾನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.

ಲೆಕ್ಕದಲ್ಲಿ ಒಂದಂಕಿಯೂ ತಪ್ಪಿಲ್ಲ. ಅದೇ ಇದರ ಸೊಗಸು. ಸುಳ್ಳು ಹೇಳುವವನು ಸಿಕ್ಕಿಬೀಳುತ್ತಾನೆ. ನಿಜವನ್ನೇ ಉಬ್ಬಿಸುವವನು ಮಾರಾಟ ವಿಭಾಗದ ಮುಖ್ಯಸ್ಥನಾಗುತ್ತಾನೆ. ನನ್ನ ಬ್ಯಾರನ್ನಿನ ತೀರ್ಮಾನಗಳು ಹದಿನಾರು ತಂತಿಯವಲ್ಲ, ಮಾನ್ಯರೇ. ಶಾಖವೊಂದು, ತೇವವೊಂದು, ಕಿಂಡಿಯೊಂದು, ಮೂರೇ ತಂತಿ. ಮೂರು ತಂತಿಗೆ ಎರಡೇ ಗೇಟು ಸಾಕು. ಉಳಿದ ಹದಿಮೂರು? ಅವು ಆ ಸಾಲಿನಲ್ಲಿಯೇ ಕಾಲು ಚಾಚಿ ಮಲಗಿರುತ್ತವೆ. ಪಕ್ಕದ ಸಾಲಿಗೆ ಕೈಸಾಲ ಕೊಡುವುದಿಲ್ಲ. ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ಬಸ್ಸಿನಲ್ಲಿ, ಹದಿನಾರು ಜನ ಕೂರುವ ನಲವತ್ತೆಂಟು ಬೆಂಚುಗಳನ್ನು ಹಾಕಿ, ಒಬ್ಬ ಕೂತರೂ ಆ ಬೆಂಚು ಭರ್ತಿಯಾಯಿತೆಂದು ಕಂಡಕ್ಟರು ಸೀಟಿ ಊದಿದರೆ, ಬಸ್ಸು ಏಳುನೂರು ಚಿಲ್ಲರೆ ಜನರದು ಎನ್ನಬಹುದು, ನಲವತ್ತೆಂಟೇ ಜನ ಊರು ಸೇರಬಹುದು, ಮಿಕ್ಕವರು ರಸ್ತೆಬದಿಯಲ್ಲಿ ನಿಂತು ಬಸ್ಸಿನ ಸಾಮರ್ಥ್ಯವನ್ನು ಕೊಂಡಾಡಬಹುದು. ಸಾವಿರದ ಚಿಪ್ಪಿನಿಂದ ನನಗೆ ದಕ್ಕಿದ್ದು ನೂರು ಚಿಲ್ಲರೆ ಗೇಟು. ಚಿಪ್ಪು ಎಂಬ ಹೆಸರು ಮಾತ್ರ ಸಾರ್ಥಕ; ಕೈಗೆ ಚಿಪ್ಪು ಕೊಡುವುದೆಂದರೇನೆಂದು ನಮ್ಮ ಕಡೆ ಹಸುಗೂಸಿಗೂ ಗೊತ್ತು.

ಮೂರು ಬ್ಯಾರನ್ನಿನ ಮಾತು ಒಂದಕ್ಕಿಳಿಯಿತು. ಒಂದಕ್ಕೂ ಎಂಟು ಬಾಯಿ ಸಾಲದೆ ಬಂತು. ಮೇಲಿನ ಕಿಂಡಿ ತೆರೆಯಲೊಂದು, ಮುಚ್ಚಲೊಂದು, ಕೆಳಗಿನ ಕಿಂಡಿಗೆ ಹಾಗೆಯೇ ಎರಡು, ಗಂಟೆಗೆ ಒಂದು, ಕೆಂಪು, ಹಳದಿ, ಹಸಿರು ಎಂಬ ಮೂರು ದೀಪಗಳಿಗೆ ಮೂರು. ಈ ದೀಪಗಳು ವಿಜ್ಞಾನದ ಘನತೆಗೆ ಅನಿವಾರ್ಯವಾಗಿದ್ದವು; ಮುಂದೆ ಒಲೆ ಹಚ್ಚಿದ ದಿನ ಅವುಗಳಲ್ಲಿ ಒಂದು ಹತ್ತಿದ್ದಕ್ಕೇ ಹಾರನಹಳ್ಳಿಯಿಂದ ಬಂದವರೂ ಚಪ್ಪಾಳೆ ತಟ್ಟಿದರು. ಹಂತದ ನೆನಪಿಡಬೇಕಾದರೆ, ಹೊರಬಂದ ಮಾತನ್ನು ಮತ್ತೆ ಒಳಕ್ಕೆ ತಿರುಗಿಸಲು ಇನ್ನೂ ಎರಡು ಬಾಯಿ ಬೇಕಿತ್ತು. ಆದ್ದರಿಂದ ನೆನಪನ್ನು ಕೈಬಿಟ್ಟೆ. ಹಿಂದಿನದನ್ನು ನೆನೆಯದೆ ಇಂದಿನ ಶಾಖವನ್ನಷ್ಟೇ ನೋಡಿ ನಡೆಯುವ ಯಂತ್ರ. ಋಷಿಗಳು ತಪಸ್ಸು ಮಾಡಿ ಗಳಿಸುತ್ತಿದ್ದ ಸ್ಥಿತಿ. ಈ ಸಣ್ಣ ಬದಲಾವಣೆಯನ್ನು ತಿಮ್ಮಮ್ಮನವರಿಗೆ ತಿಳಿಸಿ ಅವರ ಮನಸ್ಸು ಕದಡುವುದು ಬೇಡವೆನಿಸಿತು.

ದಸರಾ ರಜೆ ಬಂತು, ನನ್ನ ತರ್ಕವನ್ನು ಸುಟ್ಟು ಬರೆದ ಚಿಪ್ಪೂ ಬಂತು. ಗುಜರಿ ಸೇರಿದ್ದ ಬಸ್ಸೊಂದರ ಗಾಜೊರೆಸುವ ಮೋಟಾರುಗಳನ್ನು ಕಿಂಡಿಗಳಿಗೆ ಕಟ್ಟಿ, ಜೀಪಿನ ಬ್ಯಾಟರಿ ಕೂರಿಸಿ, ಕಾಲೇಜಿನ ಗಂಟೆಯನ್ನು ಬ್ಯಾರನ್ನಿನ ಬಾಗಿಲಿಗೆ ತೂಗುಹಾಕಿದೆ. ಊರವರು ನೆರೆದರು. ತಿಮ್ಮಮ್ಮನವರು ತಟ್ಟೆಯಲ್ಲಿ ಕರ್ಪೂರ ತಂದರು, ಬೆಂಕಿಪೆಟ್ಟಿಗೆಯನ್ನು ನನ್ನ ಕೈಗಿತ್ತರು. ‘ಓದಿದ ಕೈ ನಿಮ್ದು, ನೀವೇ ಹಚ್ಚಿ ಮೇಷ್ಟ್ರೇ’ ಎಂದರು. ಅದುವರೆಗೆ ಉದ್ಘಾಟನೆಗಳಿಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಕಣ್ಣು ತುಂಬಿ ಬಂತು. ಹಚ್ಚಿದೆ. ಹಳದಿ ದೀಪ ಹತ್ತಿತು. ಚಪ್ಪಾಳೆಯಾಯಿತು. ಹಿಂತಿರುಗಿ ನೋಡುವಷ್ಟರಲ್ಲಿ ತಿಮ್ಮಮ್ಮನವರ ಕಂಕುಳಲ್ಲಿ ಬಟ್ಟೆಗಂಟಿತ್ತು, ಕೈಯಲ್ಲಿ ಬಾಣಂತಿಗೆಂದು ಕುಟ್ಟಿದ ಖಾರದ ಡಬ್ಬವಿತ್ತು.

‘ಹಚ್ಚಿದ ಕೈ ನಿಮ್ದಾಯ್ತು’ ಎಂದರು. ‘ಸೊಪ್ಪು ಇಳ್ಸೋಗಂಟ ನೀವು ಅಟ್ಟಿ ದಾಟಂಗಿಲ್ಲ. ನಾನು ಮಿರ್ಲೆಗೆ ಓಯ್ತೀನಿ.’

ಕಾಯಲು ಯಂತ್ರವಿದೆಯಲ್ಲ ತಾಯಿ, ಎಂದೆ.

‘ಇರ್ಲಿ ಬುಡಿ, ಬ್ಯಾಡ ಅಂದೋರ್ಯಾರು? ಅದ್ಕೆ ಕೈ ಎಲ್ಲದೆ?’ ಎಂದು ಅವರು ಬಸ್ಸಿನ ದಾರಿ ಹಿಡಿದರು. ಮಂಚದ ಮೇಲಿಂದ ಸಣ್ಣಯ್ಯನವರು, ‘ನನ್ನೂ ಇಂಗೇ ಅಲ್ವಾ ಬಲೆಗಾಕ್ಕಂಡಿದ್ದು’ ಎಂದು ನಕ್ಕರು.

ಗಮನಿಸಿ, ಮಾನ್ಯರೇ. ತಮ್ಮ ಸಾವಿರ ಗೇಟುಗಳ ಮೇಲೆ ಆ ಹೆಂಗಸು ಒಂದು ಕ್ಷಣವೂ ನಂಬಿಕೆಯಿಟ್ಟಿರಲಿಲ್ಲ. ಅವರಿಗೆ ಬೇಕಾಗಿದ್ದುದು ಒಂದು ಕೈ. ಬೇರೆಯವರ ಒಲೆಯನ್ನು ಬುದ್ಧಿಯಿದ್ದವರು ಯಾರೂ ಹಚ್ಚದ ಆ ಸೀಮೆಯಲ್ಲಿ, ದೀಪ ಹತ್ತುವುದನ್ನು ನೋಡುವ ಆಸೆಗೆ ಕಡ್ಡಿ ಗೀರುವ ಕೈಯೊಂದನ್ನು ಒದಗಿಸಿಕೊಟ್ಟದ್ದೇ ತಮ್ಮ ಯಂತ್ರದ ಏಕೈಕ ಉಪಯೋಗ. ಅದನ್ನು ತಮ್ಮ ಮುಂದಿನ ಪತ್ರಿಕೆಯಲ್ಲಿ ಧಾರಾಳವಾಗಿ ಮುದ್ರಿಸಿಕೊಳ್ಳಬಹುದು.

ಎಲೆ ಹಳದಿಗೆ ತಿರುಗಿತು. ಕಿಂಡಿಗಳು ತಾವಾಗಿ ತೆರೆದವು. ಒಪ್ಪುತ್ತೇನೆ, ಆ ದಿನ ನಾನು ತಮ್ಮ ಕಂಪನಿಯ ದಿಕ್ಕಿಗೆ ತಿರುಗಿ ಕೈಮುಗಿದೆ. ಎಲೆಯ ನೀರು ಆವಿಯಾಗಿ ಹೊರಬೀಳುತ್ತಿದ್ದ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಮಳೆ ಹಿಡಿಯಿತು, ಸೌದೆ ನೆನೆಯಿತು, ಒಲೆ ಮಂಕಾಯಿತು, ಶಾಖ ಇಳಿಯಿತು. ಮನುಷ್ಯನಾದರೆ ‘ಶಾಖ ಇಳಿದಿದೆ, ಬೆಂಕಿ ಏರಿಸು’ ಎನ್ನುತ್ತಿದ್ದ. ಹಿಂದಿನದು ಮರೆತ ತಮ್ಮ ಋಷಿ, ಕಡಿಮೆ ಶಾಖ ಕಂಡದ್ದೇ ತಡ, ಸೊಪ್ಪು ಈಗತಾನೆ ಹೊಲದಿಂದ ಬಂದಿದೆ ಎಂದು ತಿಳಿದು, ಹಳದಿ ದೀಪ ಹಚ್ಚಿ, ಅಷ್ಟೂ ಕಿಂಡಿಗಳನ್ನು ಮುಚ್ಚಿ, ಸೊಪ್ಪನ್ನು ಅದರದೇ ಆವಿಯಲ್ಲಿ ಇಡ್ಲಿಯಂತೆ ಬೇಯಿಸಲು ಕೂತಿತು. ಗಂಟೆ ಬಾರಿಸಲಿಲ್ಲ. ಏಕೆ ಬಾರಿಸಬೇಕು? ಅದರ ದೃಷ್ಟಿಯಲ್ಲಿ ಎಲ್ಲವೂ ಸುಸೂತ್ರವಾಗಿತ್ತು. ಅಲ್ಲಿ ಮಿರ್ಲೆಯಲ್ಲಿ ಒಬ್ಬ ತಾಯಿ ಮಗಳ ಸೊಂಟ ನೀವುತ್ತಿದ್ದಾಳೆ. ಇಲ್ಲಿ ಅವಳ ವರ್ಷದ ದುಡಿಮೆ ಬೇಯುತ್ತಿದೆ. ನಡುವೆ ನೂರಕ್ಕೆ ತೊಂಬತ್ತು ಭಾಗ ನಿದ್ದೆಹೋಗಿರುವ ಸಾವಿರ ಗೇಟುಗಳ ಸಭೆ ಎಲ್ಲ ಕ್ಷೇಮವೆಂದು ವರದಿ ಮಾಡುತ್ತಿದೆ.

ಆಗ ನಾನು, ಒಬ್ಬನೇ, ಬ್ಯಾರನ್ನಿನ ಗೋಡೆ ಬೆವರುತ್ತಿರುವುದನ್ನು ಕಂಡುಹಿಡಿದು, ತಂತಿಗಳನ್ನು ಕಿತ್ತೆಸೆದು, ಕಿಂಡಿಗಳನ್ನು ಕೈಯಿಂದ ತೆರೆದು, ಒಲೆಯನ್ನು ಎಬ್ಬಿಸಿ, ಅಂದಿನಿಂದ ಸೊಪ್ಪು ಇಳಿಯುವತನಕ ಒಂದು ಗೇಟಿನ ಸಹಾಯವೂ ಇಲ್ಲದೆ ಆ ಬ್ಯಾರನ್ನನ್ನು ನಡೆಸಿದೆ. ಕೆಳಗಿನ ಅಟ್ಟದ ನಾಲ್ಕು ಕಡ್ಡಿ ಕಪ್ಪಾದದ್ದು ಬಿಟ್ಟರೆ ಉಳಿದದ್ದೆಲ್ಲ ಬಂಗಾರ. ತಿಮ್ಮಮ್ಮನವರು ಮಿರ್ಲೆಯಲ್ಲಿ ಮೊಮ್ಮಗಳನ್ನು, ಹೆಸರಿಗೂ ಮೊದಲು, ಹಲ್ಲಿಗೂ ಮೊದಲು, ಹೊಕ್ಕುಳು ಒಣಗುವುದಕ್ಕೂ ಮೊದಲು ಎತ್ತಿಕೊಂಡರು. ಇಡೀ ಜಿಲ್ಲೆಯಲ್ಲಿ ಭೌತಶಾಸ್ತ್ರವನ್ನೂ ಬ್ಯಾರನ್ನನ್ನೂ ಏಕಕಾಲಕ್ಕೆ ಬಲ್ಲವನು ನಾನೊಬ್ಬನೇ ಎಂದು ವಿನಯಪೂರ್ವಕವಾಗಿ ಮುದ್ರಿಸಿಕೊಳ್ಳುತ್ತೇನೆ.

ಇನ್ನು ನನ್ನ ಚಿಕ್ಕ ಪುಟ್ಟ ಬಿನ್ನಹಗಳು. ಬಳಕೆಗೆ ಬಾರದೆ ನನ್ನಲ್ಲಿ ತಂಗಿರುವ ತೊಂಬತ್ತು ಭಾಗ ಗೇಟುಗಳನ್ನು ತಾವು ದಯಮಾಡಿ ಹಿಂದಕ್ಕೆ ಕರೆಸಿಕೊಳ್ಳಬೇಕು; ಚಿಪ್ಪನ್ನು ಒಡೆಯದೆ ಅವನ್ನಷ್ಟೇ ಹೊರತೆಗೆಯುವ ವಿಧಾನವನ್ನು ತಾವೇ ಬಲ್ಲಿರಿ. ತಮ್ಮ ಎಣಿಕೆಯ ಪಂಡಿತರನ್ನು ಕಾಕನಕೋಟೆ ಕಾಡಿನ ಆನೆ ಗಣತಿಗೆ ಎರವಲು ಕೊಡಬೇಕು. ಒಂದು ಆನೆ ಎಷ್ಟು ಇಲಿಗೆ ಸಮಾನವೆಂದು ಹಿಡಿದು ಎಣಿಸಿದರೆ ನಮ್ಮ ಎಚ್.ಡಿ. ಕೋಟೆ ತಾಲ್ಲೂಕು ಭೂಲೋಕದಲ್ಲೇ ಅತ್ಯಂತ ಜನನಿಬಿಡ ಕಾಡಾಗುತ್ತದೆ. ನಮ್ಮ ಕಾಲೇಜಿನ ಹಾಜರಿಯನ್ನೂ ಅವರೇ ನೋಡಿಕೊಳ್ಳಲಿ: ಹದಿನಾರು ಜನ ಕೂರಬಹುದಾದ ಬೆಂಚಿನ ಮೇಲೆ ಒಬ್ಬ ನಿದ್ದೆ ಮಾಡುತ್ತಿದ್ದರೆ ಹದಿನಾರು ಹಾಜರಿ. ಅಕ್ಕಿಯನ್ನು ಕಲ್ಲು ಸಹಿತ, ಕಲ್ಲು ರಹಿತ ಎಂದು ಮಾರುವಷ್ಟಾದರೂ ಮರ್ಯಾದೆ ನಮ್ಮ ಸಂತೆಯಲ್ಲಿದೆ. ಗೇಟುಗಳನ್ನೂ ಹಾಗೆಯೇ, ‘ಎಣಿಕೆಗೆ ಇಷ್ಟು, ದುಡಿಮೆಗೆ ಇಷ್ಟು’ ಎಂದು ಎರಡು ಸಾಲಿನಲ್ಲಿ ಮುದ್ರಿಸಬೇಕೆಂದು ಕೇಳುವುದು ಅಸಾಧ್ಯದ ಬೇಡಿಕೆಯಾದ್ದರಿಂದ ಅದನ್ನು ಕೇಳುವುದಿಲ್ಲ.

ತಮ್ಮ ಎಣಿಕೆ ದಿನೇ ದಿನೇ ಹೆಚ್ಚಲಿ, ಅದನ್ನು ನಂಬುವವರು ನನ್ನಿಂದ ದೂರದ ಊರುಗಳಲ್ಲಿ ಸಿಗಲಿ ಎಂದು ಹಾರೈಸುತ್ತಾ,

ಸಾವಿರ ಗ್ರಾಹಕರಿಗೆ ಸಮಾನನಾದ, ಅದರಲ್ಲಿ ಒಬ್ಬನಷ್ಟೇ ಬಳಕೆಗೆ ಬರುವ,
ತಮ್ಮ ವಿಶ್ವಾಸಿ,
ನೀಲಕಂಠಸ್ವಾಮಿ

ಮರೆತ ಮಾತು: ಈ ಪತ್ರವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕೆಂದಿರುವೆನಾದ್ದರಿಂದಲೂ, ಸಣ್ಣಯ್ಯನವರ ಜಗಲಿಯಲ್ಲಿ ಪತ್ರಿಕೆ ಗಟ್ಟಿಯಾಗಿ ಓದಿಸುವ ಪದ್ಧತಿ ಇರುವುದರಿಂದಲೂ, ಮೇಲಿನ ‘ಒಬ್ಬನೇ’ ಎಂಬ ಪದದ ಬಗ್ಗೆ ಸ್ವಲ್ಪ ವಿವರಣೆ ಕೊಡುವುದು ಕ್ಷೇಮ. ಮಳೆ ಹಿಡಿದ ಆ ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತು ಸಣ್ಣಯ್ಯನವರಿಗೆ ತರ್ಕಶಾಸ್ತ್ರದ ಮುನ್ನಡೆಯನ್ನು ವಿವರಿಸುತ್ತಿದ್ದೆ. ಅವರು ಮೂಗರಳಿಸಿ, ‘ಮೇಷ್ಟ್ರೇ, ಬ್ಯಾರನ್ ಬೆವರ್ತಾ ಅದೆ, ವಾಸ್ನೆ ಬರ್ನಿಲ್ವಾ?’ ಎಂದರು. ಗಂಟೆ ಬಾರಿಸದ ಕಾರಣ ಬೆವರಲು ಸಾಧ್ಯವಿಲ್ಲವೆಂದು ನಾನು ಸಾಧಿಸಿ ತೋರಿಸಿದೆ. ಅವರು ಅದೇ ಮಾತನ್ನು ಇನ್ನೊಮ್ಮೆ, ಅಚ್ಚಿಗೆ ಬಾರದ ಪದಗಳಲ್ಲಿ ಹೇಳಿದರು. ನಾನು ಓಡಿದೆ. ತಂತಿ ಕಿತ್ತದ್ದು ನಿಜ. ಒಲೆ ಎಬ್ಬಿಸಿದ್ದು ಮಾತ್ರ ಹಾಗಲ್ಲ. ಗಾಬರಿಯಲ್ಲಿ ಹಸಿ ಸೌದೆಯನ್ನೇ ಬಾಯಿತುಂಬ ತುರುಕಿ, ಇದ್ದಷ್ಟು ಬೆಂಕಿಯನ್ನೂ ಉಸಿರುಗಟ್ಟಿಸಿ, ಹೊಗೆಯಲ್ಲಿ ಕನ್ನಡಕ ಕಳೆದುಕೊಂಡು, ಒಲೆಯೆಂದು ಗೋಡೆಗೆ ಊದುತ್ತಿದ್ದೆ.

ಇಬ್ಬರು ನೆರೆಯವರು ಸಣ್ಣಯ್ಯನವರನ್ನು ಮಂಚಸಮೇತ ಹೊತ್ತು ತಂದು ಒಲೆಯ ಮುಂದೆ ಇಳಿಸಿದರು. ಕಟ್ಟಳೆಗೆ ಒಂದು ಬಿಡುಗಡೆಯೂ ಇದೆಯಂತೆ. ಅದನ್ನು ಯಾರೂ ಕೇಳಿ ಪಡೆಯುವುದಿಲ್ಲವಾದ್ದರಿಂದ ನನಗೆ ತಿಳಿದಿರಲಿಲ್ಲ. ‘ಒಲೆ ಮುಂದೆ ನಿಂತ್ಕಂಡು, ನನ್ನ ಕೈಲಾಗ್ನಿಲ್ಲ ಅಂತ ಮೂರು ಸಲ ಅನ್ನಿ. ಆಮ್ಯಾಕೆ ಬೆಂಕಿ ನಂದು’ ಎಂದರು. ಅಂದೆ. ಮೊದಲನೆಯದು ಬೆಂಕಿಗೆ ಕೇಳಿಸಲಿಲ್ಲವೆಂದು ನೆರೆಯವರು ತೀರ್ಪು ಕೊಟ್ಟದ್ದರಿಂದ ನಾಲ್ಕು ಸಲ ಅಂದಂತಾಯಿತು. ಅಲ್ಲಿಂದ ಮುಂದೆ ಸಣ್ಣಯ್ಯನವರು ಮಂಚದ ಮೇಲೆ ಮಲಗಿ ‘ಆಕಿ’ ಎಂದಾಗ ಸೌದೆ ಹಾಕಿದೆ, ‘ತೆಗೀರಿ’ ಎಂದಾಗ ಕಿಂಡಿ ತೆಗೆದೆ, ‘ಸುಮ್ಕಿರಿ’ ಎಂದಾಗ ಸುಮ್ಮನಿದ್ದೆ; ಮೂರನೆಯದನ್ನೇ ಅವರು ಹೆಚ್ಚಾಗಿ ಬಳಸಿದರು. ತಿಮ್ಮಮ್ಮನವರು ಮಿರ್ಲೆಯಿಂದ ಮೊಮ್ಮಗಳ ಸುದ್ದಿ ಹೊತ್ತು ಬಂದು, ‘ಯಾರಿಳ್ಸುದ್ರು ಸೊಪ್ಪ?’ ಎಂದಾಗ, ಆ ಪುಣ್ಯಾತ್ಮರು ನನ್ನ ಕಡೆ ನೋಡದೆ, ‘ಮೇಷ್ಟ್ರೇ ಕಣಮ್ಮಿ’ ಎಂದರು. ಮೇಲಿನ ಪತ್ರ ಆ ಹೇಳಿಕೆಯ ಆಧಾರದ ಮೇಲೆ ಬರೆದದ್ದು.

ಮಾರನೆಯ ದಿನ ಪಕ್ಕದ ಬ್ಯಾರನ್ನಿನ ನಿಂಗಯ್ಯನವರು ಬಂದು, ತಮ್ಮ ಒಲೆಗೂ ಒಂದು ಕೈ ಬೇಕಾಗಿದೆ, ಮೇಷ್ಟ್ರನ್ನು ಕಳಿಸಿಕೊಡುವಿರಾ ಎಂದು ಕೇಳಿದರು. ನಾನು ಒಳಗೆ ಊಟಕ್ಕೆ ಕೂತಿದ್ದೆ. ಜಗಲಿಯಿಂದ ಸಣ್ಣಯ್ಯನವರು ಕೊಟ್ಟ ಗುಣವಿವರ ಸ್ಪಷ್ಟವಾಗಿ ಕೇಳಿಸಿತು: ‘ಕರ್ಕಂಡೋಗು. ಅರ್ಧ ಆಳಿಗೆ ಸಮ. ಊಟ ಮಾತ್ರ ಪೂರ್ತಿ ಆಳಿಂದು.’

ನಾನು ಆಕ್ಷೇಪಿಸಲಿಲ್ಲ, ಮಾನ್ಯರೇ. ಅಷ್ಟು ಹೊತ್ತಿಗೆ ಮೂರನೆಯ ಮುದ್ದೆ ಮುರಿದಿದ್ದೆ.